ಇನ್ನೂರ ಹದಿನೆಂಟು ಗಜ

ಬಾತ್‌ರೂಮು ಎಲ್ಲಿದೆ ಎಂದು ಹುಡಾಕ್ ಕೇಳಿದಾಗ ಮೇಜಿನ ಸುತ್ತ ಕೂತಿದ್ದ ಉಳಿದ ನಾಲ್ವರೂ ಬಾಯಲ್ಲಿದ್ದ ತುತ್ತು ಸಿಡಿಯುವಂತೆ ನಕ್ಕರು. ಮೂರು ವರ್ಷದಿಂದ ಅವನು ಈ ಮನೆಗೆ ಗುರುವಾರ ಸಂಜೆ ಬಂದು ಉಂಡಿದ್ದಾನೆ. ಆ ಬಾತ್‌ರೂಮಿನ ಚಿಲಕ ಮುರಿದವನೂ ಅವನೇ, ಒಂದು ಭಾನುವಾರ ಸ್ಕ್ರೂಡ್ರೈವರ್ ತಂದು ಸರಿಮಾಡಿಕೊಟ್ಟವನೂ ಅವನೇ. "ಅಡುಗೆಮನೆ ಪಕ್ಕ ಮಗಾ, ಹೋದ ವಾರ ಎಲ್ಲಿತ್ತೋ ಅಲ್ಲೇ," ಎಂದಳು ಮನೆಯೊಡತಿ ಡೆಲೋರಿಸ್. ಹುಡಾಕ್ ತಾನೂ ನಕ್ಕ. ಎದ್ದು ನಿಂತ. ಆಮೇಲೆ ಅಡುಗೆಮನೆ ಯಾವ ಕಡೆ ಎಂದು ಎಡಕ್ಕೂ ಬಲಕ್ಕೂ ನೋಡಿದ.

ಡೆಲೋರಿಸ್‌ಳ ಮಗ ಕೆಲ್ವಿನ್ ಪೆಟ್ವೇ ನಗಲಿಲ್ಲ. ಅವನ ಕೈಯಲ್ಲಿ ಮೆಕರೋನಿಯ ಪಾತ್ರೆಯಿತ್ತು, ಅವತ್ತು ಬಡಿಸುವ ಸರದಿ ಅವನದು. ಸರದಿ ಎಂದರೆ ತಪ್ಪಾಗುತ್ತದೆ, ಗುರುವಾರ ಬಡಿಸುವವನು ಯಾವಾಗಲೂ ಅವನೇ. ನಮ್ಮೂರ ಶಾಲೆಯ ಫುಟ್‌ಬಾಲ್ ತಂಡದಲ್ಲಿ ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ಓಡುವವನು ಯಾರೇ ಇರಲಿ, ಶನಿವಾರದ ಆಟಕ್ಕೆ ಮುಂಚಿನ ಗುರುವಾರ ತನ್ನ ಮುಂದೆ ನಿಂತು ದಾರಿ ಬಿಡಿಸುವ ಐವರನ್ನು ಮನೆಗೆ ಕರೆದು ಕೈಯಾರೆ ಬಡಿಸಬೇಕು. ಅವರು ಎದ್ದ ಮೇಲೆ ತಾನು ಕೂರಬೇಕು. ಯಾರು ಹಾಕಿದ ಕಟ್ಟಳೆಯೋ ಗೊತ್ತಿಲ್ಲ. ಮುರಿದವರಂತೂ ಕಡಿಮೆ.

ಯಾಕೆಂದರೆ ಓಡುವವನ ಓಟ ಅವನ ಕಾಲಿನಲ್ಲಿಲ್ಲ ಎನ್ನುವುದು ಇಲ್ಲಿ ಕೂಸಿಗೂ ಗೊತ್ತು. ಎದುರಿನ ಹನ್ನೊಂದು ಜನ ಅವನನ್ನು ನೆಲಕ್ಕೆ ಕೆಡವಲು ಕಾದಿರುತ್ತಾರೆ. ಈ ಐವರು ದಢೂತಿಗಳು ಮೈಗೆ ಮೈ ಕೊಟ್ಟು ಅವರನ್ನು ಆಚೀಚೆ ತಳ್ಳಿದರೆ ಎರಡಡಿಯ ಒಂದು ಸಂದಿ ಕಣ್ಣು ಮಿಟುಕಿಸುವಷ್ಟು ಹೊತ್ತು ತೆರೆದಿರುತ್ತದೆ. ಅದರಲ್ಲಿ ನುಸುಳಿದವನು ವೀರ. ಮರುದಿನ ಪೇಪರಿನಲ್ಲಿ ಅವನ ಫೋಟೋ ಬರುತ್ತದೆ. ದಾರಿ ಮಾಡಿಕೊಟ್ಟವನ ಬೆನ್ನು ಬಂದರೆ ಬಂತು, ಅದೂ ಅರ್ಧ. ಕೆಲ ವರ್ಷಗಳ ಹಿಂದೆ ಒಬ್ಬ ಓಟಗಾರ ತಲೆ ತಿರುಗಿ ಗುರುವಾರದ ಊಟ ಹಾಕದೆ ಪಕ್ಕದೂರಿನ ಹುಡುಗಿಯ ಜೊತೆ ಸಿನಿಮಾಗೆ ಹೋದ. ಶನಿವಾರ ಹದಿನಾಲ್ಕು ಸಲ ಚೆಂಡು ಹಿಡಿದು ಒಟ್ಟು ಒಂಬತ್ತು ಗಜ ಓಡಿದ. ನೆಲ ಒದ್ದೆಯಾಗಿತ್ತು ಎಂದು ಎಲ್ಲರ ಹತ್ತಿರವೂ ಹೇಳಿಕೊಂಡು ತಿರುಗಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ಐವರು ಮಾತ್ರ ಏನೂ ಹೇಳಲಿಲ್ಲ.

ಕೆಲ್ವಿನ್ ಅಂಥವನಲ್ಲ. ಅವನು ಹುಡಾಕ್‌ನ ತಟ್ಟೆಗೆ ಯಾವಾಗಲೂ ಒಂದು ತುಂಡು ಜಾಸ್ತಿಯೇ ಹಾಕುತ್ತಿದ್ದ. ಎಮಿಲ್ ಹುಡಾಕ್, ಆ ಐವರಲ್ಲಿ ಎಡಗಡೆ ನಿಲ್ಲುವ ಗಾರ್ಡ್, ಇನ್ನೂರ ಐವತ್ತು ಪೌಂಡ್ ತೂಕ, ಮಾತು ಕಡಿಮೆ. ಮೂರು ವರ್ಷದಲ್ಲಿ ಕೆಲ್ವಿನ್ ಓಡಿದ್ದರಲ್ಲಿ ಮುಕ್ಕಾಲು ಪಾಲು ಓಡಿದ್ದು ಅವನ ಬೆನ್ನ ಹಿಂದೆ. ಆ ಬೆನ್ನು ಯಾವಾಗ ಬಾಗುತ್ತದೆ, ಯಾವ ಭುಜ ಮೊದಲು ಇಳಿಯುತ್ತದೆ ಎನ್ನುವುದು ಕೆಲ್ವಿನ್‌ಗೆ ಬಾಯಿಪಾಠ. ಆದ್ದರಿಂದಲೇ ಮಂಗಳವಾರದಿಂದ ಆ ಬೆನ್ನಿನಲ್ಲಿ ಏನೋ ಹದ ತಪ್ಪಿದೆ ಎಂದು ಅವನಿಗೆ ಎಲ್ಲರಿಗಿಂತ ಮೊದಲು ಗೊತ್ತಾಗಿತ್ತು.

ಮಂಗಳವಾರ ಅಭ್ಯಾಸದಲ್ಲಿ ಕೋಚ್ ಡಿಸಾಲ್ವೊ ಹುಡುಗರನ್ನು ಓಣಿಗೆ ಇಳಿಸಿದ್ದರು. ಓಣಿ ಎಂದರೆ ನೆಲದ ಮೇಲೆ ಎರಡು ಕೊಳವೆ, ಅವುಗಳ ನಡುವೆ ಇಬ್ಬರು ಎದುರುಬದುರು. ಸೀಟಿ ಊದಿದರೆ ಟಗರುಗಳ ಹಾಗೆ ಹಾಯಬೇಕು. ಮೂರನೆಯ ಸಲ ಹಾಯ್ದಾಗ ಹುಡಾಕ್ ಮಂಡಿಯೂರಿ ಕೂತುಬಿಟ್ಟ. ಕೋಚ್ ಬಂದು ಅವನ ಮುಖದ ಮುಂದೆ ಬೆರಳು ಹಿಡಿದು ಎಷ್ಟು ಎಂದು ಕೇಳಿದರು. ಎರಡು ಎಂದ ಹುಡಾಕ್. ಸರಿ, ಏಳು ಎಂದರು ಕೋಚ್. ಕೋಚ್ ಡಿಸಾಲ್ವೊ ಇಪ್ಪತ್ತೆರಡು ವರ್ಷದಿಂದ ಯಾವ ಹುಡುಗನಿಗೂ ಎರಡಕ್ಕಿಂತ ಹೆಚ್ಚು ಬೆರಳು ತೋರಿಸಿದವರಲ್ಲ, ಅದು ಶಾಲೆಯ ಬೆಕ್ಕಿಗೂ ಗೊತ್ತಿತ್ತು. ಕೆಲ್ವಿನ್ ಹತ್ತಿರದಲ್ಲೇ ನಿಂತಿದ್ದ. ಎರಡು ಎನ್ನುವಾಗ ಹುಡಾಕ್‌ನ ಕಣ್ಣು ಮುಚ್ಚಿದ್ದನ್ನು ಅವನು ಕಂಡಿದ್ದ.

ಗುರುವಾರ ಊಟವಾದ ಮೇಲೆ ಉಳಿದ ನಾಲ್ವರೂ ಹೊರಟರು. ಹುಡಾಕ್ ಜಗುಲಿಯ ಮೆಟ್ಟಿಲ ಮೇಲೆ ಕೂತಿದ್ದ. ಕೆಳಗೆ ಮೊನೊಂಗಹೇಲ ನದಿ, ಅದರ ದಂಡೆಯಲ್ಲಿ ಎರಡು ವರ್ಷದಿಂದ ತಣ್ಣಗಿರುವ ಉಕ್ಕಿನ ಕಾರ್ಖಾನೆ. ಇಬ್ಬರ ಅಪ್ಪಂದಿರೂ ಅಲ್ಲಿ ದುಡಿದವರು. ಹುಡಾಕ್‌ನ ಅಪ್ಪ ಈಗ ಕೆಲಸ ಹುಡುಕಿಕೊಂಡು ಟೆಕ್ಸಾಸ್‌ನಲ್ಲಿದ್ದ. ಕೆಲ್ವಿನ್‌ನ ಅಪ್ಪ ಕಾರ್ಖಾನೆ ಮುಚ್ಚಿದ ವರ್ಷವೇ ತೀರಿಕೊಂಡಿದ್ದ.

"ತಲೆ ಹೆಂಗಿದೆಯೋ?" ಎಂದು ಕೇಳಿದ ಕೆಲ್ವಿನ್.

"ಗುಂಯ್ ಅಂತದೆ. ಅಷ್ಟೇ." ಹುಡಾಕ್ ತನ್ನ ಅಂಗೈ ನೋಡಿಕೊಂಡ. "ಆಟದ ನಂಬರ್ ಕೂಗ್ತಾರಲ್ಲ, ಅದು ಯಾವ ಕಡೆ ಅಂತ ಮರ್ತೋಗ್ತದೆ ಕಣೋ. ನೀನು ಹಿಂದೇನೇ ಇರ್ತೀಯಲ್ಲ. ಎಡಕ್ಕಾದ್ರೆ ಎಡಗಡೆ ಸೊಂಟಕ್ಕೆ ತಟ್ಟು, ಬಲಕ್ಕಾದ್ರೆ ಬಲಗಡೆ. ಮಿಕ್ಕಿದ್ದು ಮೈಗೇ ಗೊತ್ತು."

"ಕೋಚ್‌ಗೆ ಹೇಳೋಣ್ವಾ?"

"ಹೇಳಿದ್ರೆ ನನ್ನ ಜಾಗದಲ್ಲಿ ಯಾರು ಬರ್ತಾನೆ? ಸೋಬಲ್. ಅವನು ನಮ್ಮಮ್ಮನ್ನೂ ತಳ್ಳಲಾರ."

ಕೆಲ್ವಿನ್ ಆಗ ನಕ್ಕ. ನಗಬಾರದಿತ್ತು. ಶನಿವಾರದ ಆಟ ನೋಡಲು ಕಾಲೇಜೊಂದರಿಂದ ಒಬ್ಬ ಮನುಷ್ಯ ಬರುವವನಿದ್ದ. ಆ ಕಾಲೇಜಿನಲ್ಲಿ ಓಟಗಾರನ ಒಂದೇ ಜಾಗ ಉಳಿದಿತ್ತು. ನಾಲ್ಕು ವರ್ಷ ಓದು, ಊಟ, ವಸತಿ ಎಲ್ಲ ಪುಕ್ಕಟೆ. ಕೆಲ್ವಿನ್‌ನ ಓಟದ ಫಿಲ್ಮನ್ನು ಆ ಮನುಷ್ಯ ನೋಡಿಯಾಗಿತ್ತು. ಆದರೂ ಒಂದು ಅನುಮಾನ ಉಳಿದಿತ್ತಂತೆ: ಹುಡುಗ ದ್ವಿತೀಯಾರ್ಧದಲ್ಲಿ, ದೊಡ್ಡ ಮೈಯವರ ಎದುರು, ಹೀಗೇ ಓಡುತ್ತಾನೋ ಇಲ್ಲವೋ. ಸೋಬಲ್‌ನನ್ನು ಮುಂದಿಟ್ಟುಕೊಂಡು ಓಡಿದರೆ ಏನಾಗುತ್ತದೆ ಎನ್ನುವುದರಲ್ಲಿ ಕೆಲ್ವಿನ್‌ಗೆ ಅನುಮಾನವೇ ಇರಲಿಲ್ಲ.

ಶುಕ್ರವಾರ ಅವನು ಕೋಚ್‌ರ ಕೋಣೆಯ ಬಾಗಿಲವರೆಗೆ ಹೋದ. ಕೋಚ್ ತಲೆಯೆತ್ತಿ, ಚೆನ್ನಾಗಿ ನಿದ್ದೆ ಮಾಡು, ನಾಳೆ ನಿನ್ನ ಬಾಳಿನ ದೊಡ್ಡ ದಿನ ಎಂದರು. ಬೇರೇನಾದರೂ ಹೇಳುವುದಿದೆಯಾ ಎಂದೂ ಕೇಳಿದರು. ಇಲ್ಲ ಎಂದು ಹೇಳಿ ಕೆಲ್ವಿನ್ ಮರಳಿದ. ಹುಡಾಕ್‌ನೇ ಬೇಡ ಎಂದ ಮೇಲೆ ಹೇಳಲು ನಾನ್ಯಾರು ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡ. ಕುಂಟುತ್ತ ನಡೆಯುವ ನೆಪ ಅದು, ಆದರೂ ಮನೆ ಮುಟ್ಟುವವರೆಗೆ ಅವನ ಜೊತೆ ಬಂತು.

ಶನಿವಾರ ಮಧ್ಯಾಹ್ನ ಒಂದೂವರೆಗೆ ಆಟ ಶುರುವಾಯಿತು. ಎದುರಾಳಿಗಳು ನದಿಯಾಚೆಯ ಶಾಲೆಯವರು, ಗಾತ್ರದಲ್ಲಿ ನಮ್ಮವರ ಒಂದೂವರೆಯಷ್ಟು. ಆಕಾಶ ಬೂದಿ ಬಣ್ಣಕ್ಕಿತ್ತು, ಗಾಳಿ ಚುಚ್ಚುತ್ತಿತ್ತು. ಕಾಲೇಜಿನ ಮನುಷ್ಯ ಕಂದು ಟೋಪಿ ಹಾಕಿಕೊಂಡು ಮೆಟ್ಟಿಲುಗಳ ತುದಿಯಲ್ಲಿ ಒಬ್ಬನೇ ಕೂತಿದ್ದ. ಹುಡಾಕ್‌ನ ತಾಯಿ ವೆರೋನಿಕಾ ಮೊದಲ ಸಾಲಿನಲ್ಲಿ ಮಂಡಿಯ ಮೇಲೆ ಕಂಬಳಿ ಹೊದ್ದು ಕೂತಿದ್ದಳು. ಚೆಂಡು ಎಲ್ಲಿದೆ ಎಂದು ಆಕೆ ನೋಡುವುದೇ ಇಲ್ಲ. ಮಗ ಬಿದ್ದನೋ ಎದ್ದನೋ, ಅಷ್ಟೇ ಆಕೆಯ ಲೆಕ್ಕ.

ಪ್ರತಿ ಸಲ ಆಟದ ನಂಬರ್ ಕೂಗಿದಾಗ ಕೆಲ್ವಿನ್ ಹುಡಾಕ್‌ನ ಸೊಂಟಕ್ಕೆ ತಟ್ಟಿದ. ಎಡ. ಎಡ. ಬಲ. ಆ ಬೆನ್ನು ತಟ್ಟಿದ ಕಡೆಗೆ ಹೋಯಿತು, ಹಾಯ್ದಿತು, ಸಂದಿ ತೆರೆಯಿತು. ಮೈಗೆ ಗೊತ್ತು ಎಂದಿದ್ದ, ನಿಜವೇ ಆಗಿತ್ತು. ಅರ್ಧ ಆಟಕ್ಕೆ ಕೆಲ್ವಿನ್ ತೊಂಬತ್ತಾರು ಗಜ ಓಡಿದ್ದ. ವಿರಾಮದಲ್ಲಿ ಹುಡಾಕ್ ಎರಡು ಸಲ ವಾಂತಿ ಮಾಡಿಕೊಂಡ. ತಿನ್ನಲು ಕೊಟ್ಟಿದ್ದ ಕಿತ್ತಳೆ ಹಣ್ಣು ಹುಳಿಯಿತ್ತು ಎಂದ. ಕೆಲ್ವಿನ್ ಅವನಿಗೆ ನೀರು ಕೊಟ್ಟು, ಬಾಯಿ ಒರೆಸಿ, ಹೆಲ್ಮೆಟ್ ತೊಡಿಸಿ, ಗಲ್ಲದ ಪಟ್ಟಿಯನ್ನು ತಾನೇ ಬಿಗಿದ. ಆ ಪಟ್ಟಿಯ ಗುಂಡಿ ಹಾಕುವ ಮುಂಚೆ ಒಮ್ಮೆ ಕೋಚ್‌ರ ಕಡೆ ನೋಡಿದ. ಆದರೂ ಹಾಕಿದ.

ವಿರಾಮ ಮುಗಿದು, ಆಟದ ನಾಲ್ಕು ಭಾಗಗಳಲ್ಲಿ ಮೂರನೆಯದು ನಡೆಯುವಾಗ ಹುಡಾಕ್‌ಗೂ ಆಚೆಯವರ ನಡುಗಂಬದಂಥ ಹುಡುಗನೊಬ್ಬನಿಗೂ ತಲೆಗೆ ತಲೆ ಸಿಕ್ಕಿತು. ಆ ಶಬ್ದ ಮೇಲಿನ ಸಾಲಿನವರೆಗೂ ಕೇಳಿಸಿತು. ಹುಡಾಕ್ ಅಂಗೈ ಮಂಡಿ ಊರಿ ಸ್ವಲ್ಪ ಹೊತ್ತು ಹಾಗೇ ಇದ್ದು ಎದ್ದ. ಕೋಚ್ ಅವನನ್ನು ಮೈದಾನದ ಅಂಚಿನ ಗೆರೆಯ ಬಳಿಗೆ ಕರೆದರು. ಎರಡು ಬೆರಳು. ಎರಡು ಎಂದ. ಈ ಸಲ ಕೋಚ್‌ಗೂ ಯಾಕೋ ಸಮಾಧಾನವಾಗಲಿಲ್ಲ. ಅವರು ಕೆಲ್ವಿನ್‌ನ ಕಡೆ ತಿರುಗಿದರು.

"ನೀನು ಇವನ ಹಿಂದೇನೇ ಇರ್ತೀಯ. ನಿಜ ಹೇಳು. ಏನಾದ್ರೂ ವ್ಯತ್ಯಾಸ ಕಾಣ್ತಿದ್ಯಾ?"

ಕೆಲ್ವಿನ್ ಹುಡಾಕ್‌ನ ಮುಖ ನೋಡಿದ. ಮುಖದಲ್ಲಿ ಒಂದು ಸಣ್ಣ ನಗು ಅಂಟಿಕೊಂಡಿತ್ತು, ಅದು ಯಾರಿಗಾಗಿಯೂ ಇರಲಿಲ್ಲ. ಮೆಟ್ಟಿಲುಗಳ ತುದಿಯಲ್ಲಿ ಕಂದು ಟೋಪಿ ಅಲ್ಲೇ ಇತ್ತು.

"ಇಲ್ಲ ಕೋಚ್. ಸರಿಯಾಗೇ ಇದಾನೆ."

ಅದಾದ ಮೇಲೆ ನಾಲ್ಕನೆಯ ಸಲ ಚೆಂಡು ಕೈಗೆ ಬಂದಾಗ ಆ ಓಟ ಬಂತು. ನಮ್ಮೂರಲ್ಲಿ ಇವತ್ತಿಗೂ ಅದರ ಮಾತಾಡುತ್ತಾರೆ. ಎಡಕ್ಕೆ ತಟ್ಟಿದ, ಹುಡಾಕ್ ಎಡಕ್ಕೆ ಹರಿದ, ಇಬ್ಬರನ್ನು ಒಂದೇ ಭುಜದಲ್ಲಿ ಎತ್ತಿ ಒಗೆದ. ಸಂದಿಯಲ್ಲ, ಹೆಬ್ಬಾಗಿಲೇ ತೆರೆಯಿತು. ಕೆಲ್ವಿನ್ ಎಪ್ಪತ್ತೊಂದು ಗಜ ಒಬ್ಬನ ಕೈಗೂ ತಾಗದೆ ಓಡಿ ಎದುರಾಳಿಗಳ ಕೊನೆಯ ಗೆರೆ ದಾಟಿದ. ಹಿಂತಿರುಗಿ ನೋಡಿದಾಗ ತಂಡದವರೆಲ್ಲ ತನ್ನ ಕಡೆ ಓಡಿ ಬರುತ್ತಿದ್ದರು, ಹುಡಾಕ್ ಒಬ್ಬನನ್ನು ಬಿಟ್ಟು. ಹುಡಾಕ್ ಮೈದಾನದ ಆಚೆ ಬದಿಗೆ ನಿಧಾನಕ್ಕೆ ನಡೆದುಹೋಗುತ್ತಿದ್ದ. ಎದುರಾಳಿಗಳ ಬೆಂಚಿನ ಹತ್ತಿರ ಹೋಗಿ ಅವರ ಹುಡುಗರ ನಡುವೆ ಜಾಗ ಮಾಡಿಕೊಂಡು ಕೂತ. ಕುಣಿಯುತ್ತಿದ್ದ ಜನ ಅದನ್ನು ನೋಡಿ ನಗತೊಡಗಿದರು. ತಮಾಷೆಗೆ ಮಾಡುತ್ತಿದ್ದಾನೆ ಎಂದುಕೊಂಡರು. ಮೊದಲ ಸಾಲಿನಲ್ಲಿ ವೆರೋನಿಕಾ ಎದ್ದು ನಿಂತಳು, ಕಂಬಳಿ ಜಾರಿ ಕಾಲಬುಡಕ್ಕೆ ಬಿತ್ತು.

ಕೆಲ್ವಿನ್ ಮೇಲೆ ನೋಡಿದ. ಕಂದು ಟೋಪಿಯ ಮನುಷ್ಯ ಬರೆದುಕೊಳ್ಳುತ್ತಿದ್ದ ಪುಸ್ತಕ ಮುಚ್ಚಿ ಕೋಟಿನ ಜೇಬಿಗೆ ಹಾಕಿಕೊಂಡು, ಕೆಳಗಿಳಿದು, ಮುಗುಳ್ನಗುತ್ತ ಕೋಚ್‌ರ ಕಡೆಗೇ ಬರುತ್ತಿದ್ದ. ಅದನ್ನು ನೋಡಿದ ಮೇಲೆಯೇ ಕೆಲ್ವಿನ್ ಹುಡಾಕ್‌ನ ಕಡೆಗೆ ಓಡಿದ್ದು. ಇದನ್ನು ಅವನು ಯಾರಿಗೂ ಹೇಳಬೇಕಾಗಿರಲಿಲ್ಲ, ಆದರೆ ತನಗೆ ಗೊತ್ತಿತ್ತು: ಮೊದಲು ಮೇಲೆ ನೋಡಿದ್ದ, ಆಮೇಲೆ ಓಡಿದ್ದ.

ಆಚೆ ಬದಿಗೆ ಹೋಗಿ ಹುಡಾಕ್‌ನ ಕೈ ಹಿಡಿದು ಕರೆತಂದ. ಕೋಚ್‌ರ ಮುಂದೆ ನಿಲ್ಲಿಸಿ, ಇವನಿಗೆ ಸರಿಯಿಲ್ಲ, ಇನ್ನು ಆಡಿಸಬೇಡಿ, ನಾನೂ ಆಡುವುದಿಲ್ಲ, ಮೊದಲು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು ಗಟ್ಟಿಯಾಗಿ ಹೇಳಿದ. ಕೋಚ್ ಅವನ ಹೆಗಲ ಮೇಲೆ ಕೈಯಿಟ್ಟರು. ಕಾಲೇಜಿನ ಮನುಷ್ಯ ಪಕ್ಕದಲ್ಲೇ ನಿಂತು ಕೇಳಿಸಿಕೊಂಡ. ಓಡುವವರು ಬೇಕಾದಷ್ಟು ಜನ ಸಿಗುತ್ತಾರೆ, ಇಂಥ ಗುಣದವರು ಸಿಗುವುದಿಲ್ಲ ಎಂದು ಅವನು ಕೋಚ್‌ಗೆ ಹೇಳಿದ್ದು ಸಂಜೆಯೊಳಗೆ ಊರೆಲ್ಲ ಹರಡಿತ್ತು. ವೆರೋನಿಕಾ ಆಂಬುಲೆನ್ಸ್ ಹತ್ತುವಾಗ ಕೆಲ್ವಿನ್‌ನ ತೋಳು ಹಿಡಿದು ತನ್ನ ಜೊತೆಗೇ ಎಳೆದುಕೊಂಡಳು.

ಆಸ್ಪತ್ರೆ ಮುಟ್ಟುವಾಗ ನಾಲ್ಕು ಗಂಟೆ. ಹುಡಾಕ್‌ನನ್ನು ಕಿಟಕಿ ಪಕ್ಕದ ಮಂಚದಲ್ಲಿ ಮಲಗಿಸಿದರು. ಎಚ್ಚರವಾಗೇ ಇದ್ದ, ಆದರೆ ಒಂದು ಕೈ ಅಷ್ಟಾಗಿ ಅವನ ಮಾತು ಕೇಳುತ್ತಿರಲಿಲ್ಲ. ಕೆಲ್ವಿನ್‌ನನ್ನು ಕಂಡಾಗಲೆಲ್ಲ ಅವನು ಕೇಳುತ್ತಿದ್ದುದು ಒಂದೇ, ಎಷ್ಟು ಗಜ ಬಂತು ಎಂದು. ಇನ್ನೂರ ಹದಿನೆಂಟು ಎಂದು ಕೆಲ್ವಿನ್ ಹೇಳುತ್ತಿದ್ದ. ಹುಡಾಕ್‌ನ ಮುಖ ಅರಳುತ್ತಿತ್ತು. ಎರಡು ನಿಮಿಷವಾದ ಮೇಲೆ ಮತ್ತೆ ಕೇಳುತ್ತಿದ್ದ, ಮುಖ ಮತ್ತೆ ಹೊಸದಾಗಿ ಅರಳುತ್ತಿತ್ತು.

ಡಾಕ್ಟರು ವೆರೋನಿಕಾಗೆ ನಿಧಾನವಾಗಿ ವಿವರಿಸಿದರು. ತಲೆಬುರುಡೆಯೊಳಗೆ ರಕ್ತ ಒಸರುತ್ತಿರಬೇಕು, ಇಲ್ಲಿ ಆಗುವ ಕೆಲಸವಲ್ಲ, ಪಿಟ್ಸ್‌ಬರ್ಗ್‌ನ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು, ಗಾಡಿ ಬರುತ್ತಿದೆ, ಅಲ್ಲಿವರೆಗೆ ನಿದ್ದೆ ಮಾಡಲು ಬಿಡಬೇಡಿ. ಹುಡುಗನಿಗೆ ಈ ವಾರದಲ್ಲಿ ಮುಂಚೆ ಯಾವಾಗಲಾದರೂ ಪೆಟ್ಟು ಬಿದ್ದಿತ್ತೇ ಎಂದು ಕೇಳಿದರು. ಇಲ್ಲ ಎಂದಳು ವೆರೋನಿಕಾ. ವಾರವಿಡೀ ಚೆನ್ನಾಗಿಯೇ ಇದ್ದ, ಗುರುವಾರ ಈ ಕೆಲ್ವಿನ್ ಮನೆಯಲ್ಲಿ ಹೊಟ್ಟೆತುಂಬ ಉಂಡು ಬಂದ. ಪೆಟ್ಟು ಬಿದ್ದದ್ದು ಇವತ್ತೇ, ಗುರುತಿಸಿದವನೂ ಇವನೊಬ್ಬನೇ. ಹಾಗಾದರೆ ಬೇಗ ಬಂದಿದ್ದೀರಿ, ಅದೃಷ್ಟ ಎಂದು ಡಾಕ್ಟರು ಬರೆದುಕೊಂಡು ಹೋದರು. ಕೆಲ್ವಿನ್ ಗೋಡೆಗೆ ಒರಗಿ ನಿಂತಿದ್ದ.

ಟೆಕ್ಸಾಸ್‌ಗೆ ಗಂಡನಿಗೆ ಫೋನ್ ಮಾಡಲು ವೆರೋನಿಕಾ ಹೊರಗೆ ಹೋದಾಗ ಇಬ್ಬರೇ ಉಳಿದರು. ಕೆಲ್ವಿನ್ ಮಂಚದ ಅಂಚಿಗೆ ಕೂತ.

"ಹುಡಾಕ್, ಕೇಳಿಲ್ಲಿ. ನಂಗೆ ಮಂಗಳವಾರಾನೇ ಗೊತ್ತಾಗಿತ್ತು ಕಣೋ. ಹೇಳ್ಲಿಲ್ಲ."

"ಏನು ಗೊತ್ತಾಗಿತ್ತು?"

"ನಿಂಗೆ ಸರಿಯಿಲ್ಲ ಅಂತ. ಇವತ್ತು ಕೋಚ್ ಕೇಳಿದಾಗ್ಲೂ ಹೇಳ್ಲಿಲ್ಲ. ನಂಗೆ ಓಡ್ಬೇಕಿತ್ತು." ನೀನೇ ಬೇಡ ಅಂದಿದ್ದೆ ಎನ್ನುವುದು ನಾಲಗೆ ತುದಿಗೆ ಬಂತು. ನುಂಗಿಕೊಂಡ.

ಹುಡಾಕ್ ಅವನನ್ನೇ ನೋಡಿದ. ಕಣ್ಣು ತುಂಬಿಕೊಂಡವು, ಯಾತಕ್ಕೆ ಎಂದು ಅವನಿಗೇ ತಿಳಿದಿತ್ತೋ ಇಲ್ಲವೋ. ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ.

"ನಮ್ಮಮ್ಮನ ಹತ್ರ ಹೇಳ್ಬೇಡ. ನಿನ್ನ ಕೊಂದುಹಾಕ್ತಾಳೆ. ಅವಳನ್ನ ನಾನು ನೋಡ್ಕೋತೀನಿ, ನೀನು ಸುಮ್ನಿರು."

ಕೆಲ್ವಿನ್‌ಗೆ ಅಳು ಬಂತು, ಮುಖ ತಿರುಗಿಸಿಕೊಂಡ. ಮತ್ತೆ ತಿರುಗಿದಾಗ ಹುಡಾಕ್ ಅವನನ್ನು ಆಗಷ್ಟೇ ಕಂಡವನಂತೆ ಹಲ್ಲು ಬಿಟ್ಟ. "ಲೇ, ನೀನೂ ಬಂದ್ಯಾ? ಎಷ್ಟು ಗಜ ಬಂತು?"

ವೆರೋನಿಕಾ ಒಳಗೆ ಬಂದಳು, ಕೆಲ್ವಿನ್ ಮಂಚದಿಂದ ಎದ್ದು ಗೋಡೆಯ ಹತ್ತಿರ ನಿಂತ. ಗಂಡ ಫೋನಿಗೆ ಸಿಕ್ಕಿರಲಿಲ್ಲ. ಆಕೆ ಚೀಲದಿಂದ ಬಟ್ಟೆಯ ಗಂಟೊಂದನ್ನು ತೆಗೆದು ಬಿಚ್ಚಿದಳು. ಅಕ್ರೋಟಿನ ಹೂರಣ ತುಂಬಿ ಸುತ್ತಿ ಬೇಯಿಸಿದ ರೊಟ್ಟಿ. ಆಟ ಮುಗಿದ ಮೇಲೆ ಹುಡುಗರಿಗೆ ಹಂಚಲು ಬೆಳಿಗ್ಗೆ ಮಾಡಿದ್ದಂತೆ. ದಪ್ಪನೆಯದೊಂದು ತುಂಡು ಮುರಿದು ಕೆಲ್ವಿನ್‌ನ ಕಡೆ ಚಾಚಿದಳು.

"ತಗೋ, ತಿನ್ನು. ಬೆಳಿಗ್ಗೆಯಿಂದ ಏನೂ ತಿಂದಿರಲ್ಲ ನೀನು. ಅಲ್ಲಿ ಅಷ್ಟು ಜನ ನಗ್ತಾ ಇದ್ರು. ನೀನೊಬ್ಬ ಇರದೇ ಹೋಗಿದ್ರೆ ನನ್ನ ಮಗನ ಗತಿ ಏನಾಗ್ತಿತ್ತೋ."

ಅಷ್ಟರಲ್ಲಿ ಡಾಕ್ಟರು ಬಾಗಿಲಲ್ಲಿ ಕಾಣಿಸಿಕೊಂಡರು. ಪಿಟ್ಸ್‌ಬರ್ಗ್‌ನ ಸರ್ಜನ್ ಫೋನಿನಲ್ಲಿದ್ದಾರೆ, ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತಿದ್ದಾರೆ ಎಂದರು. ರಕ್ತ ಇವತ್ತಿನದಾದರೆ ಒಂದು ದಾರಿ, ಹಳೆಯದಾದರೆ ಇನ್ನೊಂದು. ಅವರು ಅದರ ಮೇಲೆಯೇ ಸಿದ್ಧತೆ ಮಾಡಿಕೊಳ್ಳಬೇಕು.

"ಇವತ್ತಿಂದೇ. ಖಂಡಿತ ತಾನೇ?"

"ಖಂಡಿತ," ಎಂದಳು ವೆರೋನಿಕಾ, ಕೈ ಚಾಚಿಕೊಂಡೇ.

"ಅಲ್ಲ," ಎಂದ ಕೆಲ್ವಿನ್.

ಡಾಕ್ಟರು ತಿರುಗಿದರು.

"ಮಂಗಳವಾರ. ಪ್ರಾಕ್ಟೀಸಲ್ಲಿ ಬಿತ್ತು. ಗುರುವಾರ ನಮ್ಮನೇಲಿ ಬಾತ್‌ರೂಮ್ ಎಲ್ಲಿ ಅಂತ ಕೇಳ್ದ. ಇವತ್ತು ಮಧ್ಯದಲ್ಲಿ ಎರಡು ಸಲ ವಾಂತಿ ಆಯ್ತು." ಅವನು ಡಾಕ್ಟರನ್ನೇ ನೋಡುತ್ತ ಹೇಳಿದ, ಆಕೆಯ ಕಡೆ ನೋಡುವ ಧೈರ್ಯ ಬರಲಿಲ್ಲ. "ನಂಗೆ ಎಲ್ಲಾ ಗೊತ್ತಿತ್ತು."

ಡಾಕ್ಟರು ಒಂದು ಕ್ಷಣವೂ ನಿಲ್ಲದೆ ಫೋನಿನ ಕಡೆ ಓಡಿದರು. ಕಾರಿಡಾರಿನಲ್ಲಿ ಅವರ ಬೂಟಿನ ಸದ್ದು ದೂರವಾಯಿತು. ಕೆಲ್ವಿನ್ ಬೈಗುಳಕ್ಕೆ ಕಾದ, ಏಟಿಗೂ ಕಾದ. ವೆರೋನಿಕಾ ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಮುರಿದ ತುಂಡನ್ನು ರೊಟ್ಟಿಯ ಪಕ್ಕದಲ್ಲಿಟ್ಟು, ಬಟ್ಟೆಯ ಒಂದೊಂದೇ ತುದಿಯನ್ನು ಮಡಚಿ, ಗಂಟು ಹಾಕಿ ಚೀಲದೊಳಗೆ ಇಟ್ಟಳು. ಕೋಟಿಗೆ ಅಂಗೈ ಒರೆಸಿಕೊಂಡಳು. ಆಮೇಲೆ ಮಂಚದ ಈ ಬದಿಗೆ ಬಂದು, ಕೆಲ್ವಿನ್‌ಗೂ ಮಗನಿಗೂ ನಡುವೆ ಇದ್ದ ಕುರ್ಚಿಯಲ್ಲಿ ಕೂತಳು.

"ಎಷ್ಟು ಗಜ ಬಂತೋ?" ಎಂದು ಹುಡಾಕ್ ಕೇಳಿದ.

ಕೆಲ್ವಿನ್ ಆಕೆಯ ಬೆನ್ನನ್ನೇ ನೋಡುತ್ತಿದ್ದ. ಹುಡಾಕ್ ಕಾಯುತ್ತಿದ್ದ, ಮುಖದಲ್ಲಿ ಅದೇ ಆಸೆ.

"ಇನ್ನೂರ ಹದಿನೆಂಟು, ಮಗಾ," ಎಂದಳು ತಾಯಿ. "ಕಣ್ಣು ಮುಚ್ಚಬೇಡ."